ತ್ರಿಪ್ಲಿಕೇನಿನ ಕ್ಯಾರಿಯರ್, ತೀರ್ಥಹಳ್ಳಿಯ ಹೇರು

ಚೆನ್ನೈನಲ್ಲಿ ಒಂಟಿ ಗಂಡಸಿಗೆ ಬಾಡಿಗೆ ಮನೆ ಸಿಗುವುದು ಕಷ್ಟ. ತ್ರಿಪ್ಲಿಕೇನಿನಲ್ಲಿ ಕೋಣೆ ಸಿಗುವುದು ಅಷ್ಟು ಕಷ್ಟವಲ್ಲ. ಇಲ್ಲಿ ಸಾಲುಸಾಲಾಗಿ ಮ್ಯಾನ್ಶನ್‌ಗಳಿವೆ. ಹೆಸರು ಕೇಳಿ ಬಂಗಲೆ ಎಂದುಕೊಂಡು ಬಂದವರಿಗೆ ಸಿಗುವುದು ಒಂದು ಮಂಚ, ಒಂದು ಫ್ಯಾನು, ಗೋಡೆಯಲ್ಲಿ ನಾಲ್ಕು ಮೊಳೆ, ಕಾರಿಡಾರಿನ ಕೊನೆಯಲ್ಲಿ ಎಲ್ಲರಿಗೂ ಸೇರಿ ಸ್ನಾನದ ಮನೆ. ಕೆಲಸ ಹುಡುಕಿ ಬಂದವರು, ಪರೀಕ್ಷೆಗೆ ಓದುವವರು, ಮಾರಾಟ ಪ್ರತಿನಿಧಿಗಳು, ಸಿನಿಮಾದ ಆಸೆ ಹೊತ್ತವರು, ಎಲ್ಲರೂ ಈ ಕೋಣೆಗಳಲ್ಲಿ ಒಂದಿಷ್ಟು ವರ್ಷ ಇದ್ದು ಹೋಗುತ್ತಾರೆ.

ತಮಿಳಿನಲ್ಲಿ ಈ ಊರಿನ ಹೆಸರು ತಿರುವಲ್ಲಿಕ್ಕೇಣಿ. ಅಲ್ಲಿ ಎಂದರೆ ನೈದಿಲೆ, ಕೇಣಿ ಎಂದರೆ ಕೊಳ. ಇಂಗ್ಲಿಷರ ಬಾಯಲ್ಲಿ ಅದು ತ್ರಿಪ್ಲಿಕೇನ್ ಆಯಿತು. ಒಂದು ಕಡೆ ಪಲ್ಲವರ ಕಾಲದ ಪಾರ್ಥಸಾರಥಿ ದೇವಸ್ಥಾನ, ಇನ್ನೊಂದು ಕಡೆ ಆರ್ಕಾಟ್ ನವಾಬರ ಮನೆತನ 1795ರಲ್ಲಿ ಕಟ್ಟಿಸಿದ ವಾಲಾಜಾ ಮಸೀದಿ, ಪೂರ್ವಕ್ಕೆ ನಡೆದರೆ ಮರೀನಾ ಕಡಲತೀರ. ನಮ್ಮವರು ಹುಡುಕಿಕೊಂಡು ಹೋಗುವ ರಾಘವೇಂದ್ರ ಸ್ವಾಮಿಗಳ ಮಠ ತುಳಸಿಂಗ ಪೆರುಮಾಳ್ ಕೋಯಿಲ್ ಬೀದಿಯಲ್ಲಿದೆ. ಬೆಳಗಿನ ಇಡ್ಲಿಗೆ ಸಾಂಬಾರು ಸುರಿದು ಕೊಡುವ ರತ್ನಾ ಕೆಫೆ 1948ರಿಂದ ಇದೆ. ಇವನ್ನೆಲ್ಲ ಬರೆದವರು ಬೇಕಾದಷ್ಟಿದ್ದಾರೆ. ನಾನು ಬರೆಯಹೊರಟಿರುವುದು ಈ ಪೇಟೆಯ ಬೇರೆ ಒಂದು ಗುಣದ ಬಗ್ಗೆ. ತ್ರಿಪ್ಲಿಕೇನಿಗೆ ಸಾಮಾನು ಹೊರುವುದು, ಇಡುವುದು, ಕಟ್ಟುವುದು ಗೊತ್ತು. ನನ್ನ ಬೈಕಿಗೆ ಸಾಮಾನಿನ ಚೌಕಟ್ಟು ಕಟ್ಟಿಸುವಾಗ ಅದು ನನ್ನ ಗಮನಕ್ಕೆ ಬಂತು.

ಬೈಕು ಹಿಮಾಲಯನ್, 411 ಸಿಸಿಯದು. ಲಡಾಖಿನ ಚಿತ್ರ ತೋರಿಸಿ ಮಾರುವ ಗಾಡಿ, ಆದರೆ ಹುಟ್ಟಿನಿಂದ ಚೆನ್ನೈನದು. ಎನ್‌ಫೀಲ್ಡ್ ಇಂಡಿಯಾ ಕಂಪನಿ 1955ರಲ್ಲಿ ಮದ್ರಾಸಿನಲ್ಲಿ ಶುರುವಾಗಿ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಕಟ್ಟಿತು. ಹಿಮಾಲಯನ್ 2016ರಲ್ಲಿ ಬಂತು. ಮುಂದೆ 21 ಇಂಚಿನ ಚಕ್ರ, ನೆಲದಿಂದ 220 ಮಿ.ಮೀ. ಎತ್ತರ, 15 ಲೀಟರ್ ಟ್ಯಾಂಕು, ಟ್ಯಾಂಕಿನ ಎರಡೂ ಬದಿ ಕಬ್ಬಿಣದ ಚೌಕಟ್ಟು. ಕಲ್ಲು ಮಣ್ಣಿನ ದಾರಿಗೆ ಹೇಳಿ ಮಾಡಿಸಿದ್ದು. ನನ್ನ ಕಲ್ಲು ಮಣ್ಣಿನ ದಾರಿ ಲಡಾಖಿನಲ್ಲಿಲ್ಲ, ತೀರ್ಥಹಳ್ಳಿಯ ಆಚೆ ಇದೆ. ಚೆನ್ನೈನಿಂದ ಬೆಂಗಳೂರು, ತುಮಕೂರು, ಶಿವಮೊಗ್ಗ ದಾಟಿ ಸುಮಾರು 700 ಕಿಲೋಮೀಟರ್ ಡಾಂಬರು. ಕೊನೆಯ ಕೆಲವು ಕಿಲೋಮೀಟರ್ ಕೆಮ್ಮಣ್ಣು, ಜಾರುವ ಏರು, ಎರಡು ಹಳ್ಳ, ಮನೆಯ ಮುಂದೆ ಒಂದು ಉಣುಗೋಲು.

ಹೋಗುವಾಗ ಹಗುರ, ಬರುವಾಗ ಭಾರ

ಅಂಗಡಿಯಲ್ಲಿ ಸಿಗುವ ಸಾಹಸ ಪ್ರವಾಸದ ಪೆಟ್ಟಿಗೆಗಳನ್ನು ನೋಡಿದ್ದೇನೆ. ಅಲ್ಯೂಮಿನಿಯಮ್ಮಿನವು ಚೆನ್ನಾಗಿವೆ, ಬೆಲೆಯೂ ಹಾಗೇ ಇದೆ. ಅವುಗಳ ಲೆಕ್ಕಾಚಾರವೇ ಬೇರೆ: ಡೇರೆ, ಮಲಗುವ ಚೀಲ, ಒಲೆ, ಕ್ಯಾಮೆರಾ. ಮನೆಯಿಂದ ತುಂಬಿಕೊಂಡು ಹೊರಟು, ಅದನ್ನೇ ಮನೆಗೆ ವಾಪಸು ತರುವವರಿಗೆ ಆ ಲೆಕ್ಕ ಸರಿ.

ಊರು ಬಿಟ್ಟು ಬಂದ ನಮ್ಮ ಲೆಕ್ಕ ಹಾಗಲ್ಲ. ಹೋಗುವಾಗ ಅಪ್ಪನ ಮೂರು ತಿಂಗಳ ಮಾತ್ರೆ, ಅಮ್ಮನಿಗೆ ಮೊಣಕಾಲಿನ ಪಟ್ಟಿ, ಸ್ಪ್ರೇಯರಿನ ಒಂದು ವಾಷರ್ ಸೆಟ್ಟು, ಎರಡು ಜೊತೆ ಬಟ್ಟೆ. ಬರುವಾಗ ಕುಚ್ಚಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಹಲಸಿನ ಹಪ್ಪಳ, ಕಾಳುಮೆಣಸು, ನಾಲ್ಕು ತೆಂಗಿನಕಾಯಿ. ಒಂದು ಸೋರುತ್ತದೆ, ಒಂದು ಒಡೆಯುತ್ತದೆ, ಒಂದು ಪುಡಿಯಾಗುತ್ತದೆ, ಒಂದು ಉರುಳುತ್ತದೆ. ಇವನ್ನೆಲ್ಲ ಕೆಮ್ಮಣ್ಣಿನ ದಾರಿಯಲ್ಲಿ ಕುಣಿಸಿಕೊಂಡು, 700 ಕಿಲೋಮೀಟರ್ ಬಿಸಿಲಲ್ಲಿ ಕಾಯಿಸಿಕೊಂಡು, ತ್ರಿಪ್ಲಿಕೇನಿನ ಕೋಣೆಗೆ ತರಬೇಕು.

ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಒಂದು ಹಳೆಯ ಮಾತಿದೆ: ಹೇರು. ಘಟ್ಟದಲ್ಲಿ ರಸ್ತೆಯಾಗುವ ಮೊದಲು ಅಡಿಕೆ, ಮೆಣಸು ಕೆಳಗಿಳಿಯುತ್ತಿದ್ದದ್ದು, ಉಪ್ಪು ಮೇಲೆ ಬರುತ್ತಿದ್ದದ್ದು ಹೇರೆತ್ತುಗಳ ಬೆನ್ನ ಮೇಲೆ. ಬೆನ್ನಿನ ಎರಡೂ ಕಡೆ ಸಮತೂಕದ ಗೋಣಿ, ನಡುವೆ ಬೆನ್ನು ಉಜ್ಜದ ಹಾಗೆ ಮೆತ್ತೆ. ಲಂಬಾಣಿಗರು ಇದೇ ಕ್ರಮದಲ್ಲಿ ದೇಶದ ಉದ್ದಗಲ ಉಪ್ಪು ಮತ್ತು ದವಸ ಸಾಗಿಸಿದರು. ಬೈಕಿನವರು ಇಂದು ಪ್ಯಾನಿಯರ್ ಎನ್ನುವುದು ಹೇರೆತ್ತಿನ ಗೋಣಿಯೇ. ನಿಯಮವೂ ಅದೇ: ಎರಡೂ ಬದಿ ಸಮ ಇರಬೇಕು, ಭಾರ ಕೆಳಗಿರಬೇಕು, ಮೈಗೆ ಹತ್ತಿರವಿರಬೇಕು, ಮೈ ಉಜ್ಜಬಾರದು.

ನೀರಿನ ಕ್ಯಾನಿನ ಪಾಠ

ತ್ರಿಪ್ಲಿಕೇನಿನ ಯಾವ ಗಲ್ಲಿಯಲ್ಲಾದರೂ ಬೆಳಗ್ಗೆ ಅರ್ಧ ಗಂಟೆ ನಿಂತರೆ ಸಾಕು, ಸಾಮಾನು ಹೊರುವ ವಿದ್ಯೆ ಪುಕ್ಕಟೆ ಕಲಿಯಬಹುದು. ಚೆನ್ನೈ ಕುಡಿಯುವುದು ಹೆಚ್ಚಾಗಿ ಕ್ಯಾನಿನ ನೀರು. ಒಂದು ಕ್ಯಾನು 20 ಲೀಟರ್, ಅಂದರೆ 20 ಕಿಲೋ. ನೀರಿನ ಹುಡುಗರು ಮೊಪೆಡ್ಡಿನ ಮೇಲೆ ನಾಲ್ಕೈದು ಕ್ಯಾನು ಹೇರಿಕೊಂಡು, ಮಲಗಿದ ಹಸುವನ್ನು ಬಳಸಿಕೊಂಡು, ಆಟೋಗಳ ನಡುವೆ ನುಸುಳಿ ಹೋಗುತ್ತಾರೆ. ಗ್ಯಾಸಿನವರದು ಇನ್ನೂ ಭಾರ. 14.2 ಕಿಲೋ ಗ್ಯಾಸು, ಸುಮಾರು ಅಷ್ಟೇ ತೂಕದ ಉಕ್ಕಿನ ಸಿಲಿಂಡರ್, ಒಟ್ಟು 30 ಕಿಲೋ. ಅಂಥವು ಎರಡು ಮೂರು ಒಂದೇ ಗಾಡಿಯಲ್ಲಿ.

ಇವರ ಗಾಡಿ ಬಹುಪಾಲು ಟಿವಿಎಸ್ ಎಕ್ಸ್‌ಎಲ್. ಅದರ ಹಿರಿಯಣ್ಣ ಟಿವಿಎಸ್ 50 ಹೊರಬಂದದ್ದು 1980ರಲ್ಲಿ, ಹೊಸೂರಿನ ಕಾರ್ಖಾನೆಯಿಂದ. ನಾವು ಪ್ರತಿ ಸಲ ಊರಿಗೆ ಹೋಗುವಾಗ ಗಡಿ ದಾಟುವ ಮುನ್ನ ಸಿಗುವ, ಕನ್ನಡ ಕಿವಿಗೆ ಬೀಳುವ ಅದೇ ಹೊಸೂರು. ಆ ಮೊಪೆಡ್ಡಿಗೆ ಕಂಪನಿ ಕೊಟ್ಟ ಕ್ಯಾರಿಯರ್ ಯಾರಿಗೂ ಸಾಲದು. ಪ್ರತಿಯೊಬ್ಬರೂ ತಮ್ಮ ಸಾಮಾನಿಗೆ ತಕ್ಕಂತೆ ಕೊಕ್ಕೆ, ತಟ್ಟೆ, ಬಳೆ ಬೆಸೆಸಿಕೊಂಡಿರುತ್ತಾರೆ. ಹತ್ತಿರ ಹೋಗಿ ನೋಡಿದರೆ ಮೂರು ಸಂಗತಿ ಕಾಣುತ್ತದೆ.

ಮೊದಲನೆಯದು, ಭಾರ ಕೂತಿರುತ್ತದೆ, ನೇತಾಡುವುದಿಲ್ಲ. ಕ್ಯಾನಿನ ತಳಕ್ಕೆ ಕಬ್ಬಿಣದ ಪಟ್ಟಿಯ ಒಂದು ಮೆಟ್ಟಿಲು ಇರುತ್ತದೆ. ಹಗ್ಗವೋ ಕೊಕ್ಕೆಯೋ ಕ್ಯಾನು ಆಚೆ ಬೀಳದ ಹಾಗೆ ತಡೆಯುತ್ತದೆ ಅಷ್ಟೆ, ತೂಕ ಹೊರುವುದಿಲ್ಲ. ಬೈಕಿನ ಸೀಟಿನ ಮೇಲಿಂದ ಇಳಿಬಿಡುವ ಜೋಡಿ ಚೀಲಗಳು ಹಳ್ಳಕೊಳ್ಳದಲ್ಲಿ ತೂಗಾಡಿ ಚಕ್ರಕ್ಕೋ ಸೈಲೆನ್ಸರಿಗೋ ತಗುಲುವುದು ಈ ಮೆಟ್ಟಿಲು ಇಲ್ಲದ್ದರಿಂದ.

ಎರಡನೆಯದು, ಚೌಕಟ್ಟು ಮೂರು ಕಡೆ ಗಾಡಿಯನ್ನು ಹಿಡಿದಿರುತ್ತದೆ. ಎರಡು ಕಡೆ ಹಿಡಿದದ್ದು ಬಾಗಿಲಿನ ಹಾಗೆ ತಿರುಗುತ್ತದೆ, ಮೂರು ಕಡೆ ಹಿಡಿದದ್ದು ತಿರುಗುವುದಿಲ್ಲ. ಮೂರನೆಯದು, ಕಬ್ಬಿಣ ಮತ್ತು ಕ್ಯಾನಿನ ನಡುವೆ ಹಳೆ ಟ್ಯೂಬಿನ ತುಂಡೋ ಗೋಣಿಯ ಸುತ್ತೋ ಇರುತ್ತದೆ. ನಮ್ಮಲ್ಲಿ ಹೊರೆ ಹೊರುವವರು ತಲೆಗೂ ಹೊರೆಗೂ ನಡುವೆ ಇಟ್ಟುಕೊಳ್ಳುವ ಸಿಂಬೆಯ ಕೆಲಸವೇ ಅದರದೂ.

ಒಂದೂವರೆ ಮೈಲಿಯೊಳಗೆ ಎಲ್ಲವೂ

ವಾಲಾಜಾ ರಸ್ತೆ ಹಿಡಿದು ಅಣ್ಣಾ ಸಾಲೈ ತಲುಪಿದರೆ ಜನರಲ್ ಪ್ಯಾಟರ್ಸ್ ರಸ್ತೆ ಸಿಗುತ್ತದೆ. ಎಲ್ಲರೂ ಜಿ.ಪಿ. ರೋಡ್ ಎನ್ನುತ್ತಾರೆ. ಸೀಟ್ ಕವರು, ದೀಪ, ಕನ್ನಡಿ, ಗಾರ್ಡು, ಬೋಲ್ಟು, ರಬ್ಬರಿನ ಬುಷ್ಷು, ಗಾಡಿಗೆ ತಗುಲಿಸುವ ಎಲ್ಲವೂ ಇಲ್ಲಿ ಸಾಲಾಗಿ. ಇನ್ನೂ ಮುಂದೆ ಹೋಗಿ ಕೂವಂ ನದಿ ದಾಟಿದರೆ ಪುದುಪ್ಪೇಟೆ. ಬಿಚ್ಚಿದ ಕಾರುಗಳ ಬಾಗಿಲು, ಆಕ್ಸೆಲ್, ಸೈಲೆನ್ಸರ್‌ಗಳು ಗೋಡೆಯ ಎತ್ತರಕ್ಕೆ ಪೇರಿಸಿಕೊಂಡಿರುವ ಗುಜರಿ ಪೇಟೆ. ಹೊಸ ಪೈಪಿನ ಅರ್ಧ ಉದ್ದ, ಹಳೆ ಕ್ರ್ಯಾಶ್ ಗಾರ್ಡಿನ ಬಾಗಿದ ತುಂಡು, ಒಳ್ಳೆಯ ಉಕ್ಕಿನ ಪಟ್ಟಿ, ಏನು ಬೇಕೋ ಅದನ್ನು ಹುಡುಕಿ ತೆಗೆಯಬಹುದು, ತಾಳ್ಮೆ ಇದ್ದರೆ. ಪುದುಪ್ಪೇಟೆಯಲ್ಲಿ ಚೌಕಾಸಿ ಮಾಡಲು ತಮಿಳು ಬೇಕು. ತ್ರಿಪ್ಲಿಕೇನಿನ ವೆಲ್ಡಿಂಗ್ ಶೆಡ್ಡಿನಲ್ಲಿ ತಮಿಳಿನ ಜೊತೆಗೆ ದಖನಿ ಉರ್ದುವೂ ನಡೆಯುತ್ತದೆ. ನನ್ನ ಪಕ್ಕದ ಕೋಣೆಯ ಹುಬ್ಬಳ್ಳಿಯವರು ವೆಲ್ಡರ್ ಭಾಯ್ ಜೊತೆ ಅದರಲ್ಲೇ ಮಾತಾಡಿ ನನಗೆ ದಾರಿ ಮಾಡಿಕೊಟ್ಟರು.

ನಾನು ಚಿತ್ರ ಬಿಡಿಸಿಕೊಂಡು ಹೋಗಿದ್ದೆ. ಭಾಯ್ ಚಿತ್ರ ನೋಡುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಎವ್ವಳವು ವೆಯ್ಟ್ ತಂಬಿ?" ಎಷ್ಟು ತೂಕ? ಬದಿಗೆ ಒಂಬತ್ತು ಕಿಲೋ ಎಂದೆ. ಎರಡನೇ ಪ್ರಶ್ನೆ, ದಾರಿ ಹೇಗಿದೆ? ಕೊನೆಯಲ್ಲಿ ಮಣ್ಣು, ಕಲ್ಲು ಎಂದೆ. ಹಾಗಾದರೆ ಒಂಬತ್ತನ್ನು ಇಪ್ಪತ್ತು ಎಂದುಕೊಂಡು ಕಟ್ಟಬೇಕು ಎಂದರು. ಲೆಕ್ಕ ಸರಿ. ಗುಂಡಿಗೆ ಇಳಿದು ಎದ್ದಾಗ ನಿಂತ ತೂಕದ ಎರಡು ಮೂರು ಪಟ್ಟು ಸೆಳೆತ ಚೌಕಟ್ಟಿನ ಮೇಲೆ ಬೀಳುತ್ತದೆ. ಅದೂ ಒಂದು ಸಲವಲ್ಲ, ಸಾವಿರಾರು ಸಲ. ಚೌಕಟ್ಟು ಒಂದೇ ಏಟಿಗೆ ಮುರಿಯುವುದು ಅಪರೂಪ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ದಿನದಿನಕ್ಕೆ ಬೆಳೆದು, ಒಂದು ದಿನ ಕೈಬಿಡುತ್ತದೆ. ಬಿಟ್ಟ ಚೀಲ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಹೋಗುವುದು ಉಪ್ಪಿನಕಾಯಿ ಮಾತ್ರ ಅಲ್ಲ.

ಕಟ್ಟಿದ ಬಗೆ

ಮೊದಲು ಫ್ರಿಜ್ಜಿನ ರಟ್ಟಿನಲ್ಲಿ ಚೌಕಟ್ಟಿನ ಆಕಾರ ಕತ್ತರಿಸಿ ಬೈಕಿಗೆ ದಾರದಲ್ಲಿ ಕಟ್ಟಿ ನೋಡಿದೆವು. ಹಿಮ್ಮಡಿ ತಗುಲುತ್ತದೆಯೇ, ಹಿಂದೆ ಕೂರುವವರ ಕಾಲಿಗೆ ಜಾಗವಿದೆಯೇ, ಇಂಡಿಕೇಟರು ಮತ್ತು ನಂಬರ್ ಪ್ಲೇಟು ಕಾಣುತ್ತವೆಯೇ, ಸಸ್ಪೆನ್ಷನ್ ಪೂರ್ತಿ ಕುಸಿದಾಗ ಚಕ್ರಕ್ಕೆ ಜಾಗ ಉಳಿಯುತ್ತದೆಯೇ, ಎಲ್ಲವನ್ನೂ ರಟ್ಟಿನಲ್ಲೇ ತೀರ್ಮಾನಿಸಿದರೆ ಕಬ್ಬಿಣ ವ್ಯರ್ಥವಾಗುವುದಿಲ್ಲ. ಪೈಪು ಬಾಗಿಸುವ ಗುರುತಿಗೆ ದಪ್ಪ ಜಿ.ಐ. ತಂತಿಯನ್ನು ರಟ್ಟಿನ ಅಂಚಿಗೆ ಬಗ್ಗಿಸಿ ಕೊಟ್ಟೆ.

ಪೈಪು ಸಾದಾ ಎಂ.ಎಸ್., ಹೊರಗಿನ ಅಳತೆ 16 ಮಿ.ಮೀ., ದಪ್ಪ 16 ಗೇಜ್, ಅಂದರೆ 1.6 ಮಿ.ಮೀ. ಒಟ್ಟು ಐದು ಮೀಟರಿನಷ್ಟು ಬೇಕಾಯಿತು. ಪಟ್ಟಿಗಳೂ ಸೇರಿ ಎರಡೂ ಬದಿಯ ತೂಕ ನಾಲ್ಕು ಕಿಲೋ ಚಿಲ್ಲರೆ. ಪೈಪಿಗೆ ಒಣ ಮರಳು ತುಂಬಿ ಎರಡೂ ಬಾಯಿ ಮುಚ್ಚಿ ಬಾಗಿಸಿದರೆ ತಿರುವಿನಲ್ಲಿ ಚಪ್ಪಟೆಯಾಗುವುದಿಲ್ಲ. ಮರಳು ಒದ್ದೆ ಇರಬಾರದು. ಕಾಯಿಸಿದಾಗ ಒಳಗಿನ ನೀರು ಆವಿಯಾಗಿ ಸಿಡಿಯುವ ಅಪಾಯವಿದೆ.

ಅಲ್ಯೂಮಿನಿಯಮ್ಮು ಹಗುರ, ಸ್ಟೀಲು ಹೊಳಪು. ಆದರೂ ಎಂ.ಎಸ್. ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮಲೆನಾಡಿನ ಯಾವ ಪೇಟೆಯಲ್ಲೂ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಶಾಪು ಇದ್ದೇ ಇರುತ್ತದೆ. ಎಂ.ಎಸ್. ಮುರಿದರೆ ಹತ್ತು ನಿಮಿಷದಲ್ಲಿ ಬೆಸೆಯುತ್ತಾರೆ. ಅಲ್ಯೂಮಿನಿಯಮ್ಮು ಬೆಸೆಯುವವರನ್ನು ಹುಡುಕಲು ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಬೇಕು. ಇನ್ನೊಂದು, ಬೈಕು ಬಿದ್ದರೆ ಮೊದಲು ಬಾಗಬೇಕಾದದ್ದು ನಾವು ಕಟ್ಟಿದ ಚೌಕಟ್ಟು, ಗಾಡಿಯ ಮೂಲ ಫ್ರೇಮ್ ಅಲ್ಲ. ಚೌಕಟ್ಟು ಅತಿ ಗಟ್ಟಿಯಾದರೆ ಏಟು ಫ್ರೇಮಿಗೆ ಹೋಗುತ್ತದೆ.

ಗಾಡಿಯ ಫ್ರೇಮಿಗೆ ಒಂದು ಚುಕ್ಕೆ ಬೆಸುಗೆಯನ್ನೂ ಹಾಕಲಿಲ್ಲ, ಒಂದು ತೂತನ್ನೂ ಕೊರೆಯಲಿಲ್ಲ. ಕಂಪನಿ ಕೊಟ್ಟ ಬೋಲ್ಟಿನ ಜಾಗಗಳೇ ಸಾಕು. ಹಿಂದಿನ ಕ್ಯಾರಿಯರಿನ ಹತ್ತಿರ ಎರಡು, ಹಿಂದೆ ಕೂರುವವರ ಕಾಲುಮೆಟ್ಟಿನ ಹತ್ತಿರ ಒಂದು. ಇದು ಗಾಡಿಯ ಆಯುಷ್ಯಕ್ಕೂ ಒಳ್ಳೆಯದು, ಕಾನೂನಿಗೂ ಒಳ್ಳೆಯದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಬೈಕಿಗೆ ಡಬ್ಬಿ ಕೂರಿಸುವವರು 2020ರ ನಿಯಮವನ್ನೂ ನೆನಪಿಡಬೇಕು: ಉದ್ದ 550, ಅಗಲ 510, ಎತ್ತರ 500 ಮಿ.ಮೀ. ಮೀರಬಾರದು, ಹಿಂದಿನ ಸವಾರನ ಜಾಗದಲ್ಲಿ ಡಬ್ಬಿ ಇಟ್ಟರೆ ಎರಡನೆಯವರನ್ನು ಕೂರಿಸುವಂತಿಲ್ಲ. ಸ್ಪ್ಯಾನರ್ ಹಿಡಿದು ಹದಿನೈದು ನಿಮಿಷದಲ್ಲಿ ಬಿಚ್ಚಿ ಗಾಡಿಯನ್ನು ಮೊದಲಿನಂತೆ ಮಾಡಲು ಬರುವಂತಿರಬೇಕು.

ಅಳತೆಗೆ ಮಾತ್ರ ಗಾಡಿಯ ಮೇಲೆ ಚೌಕಟ್ಟನ್ನು ಕಟ್ಟಿ ಗುರುತು ಮಾಡಿ, ಬೆಸುಗೆಯನ್ನೆಲ್ಲ ಕೆಳಗಿಳಿಸಿಯೇ ಹಾಕಿಸಬೇಕು. ಈಗಿನ ಗಾಡಿಗಳಲ್ಲಿ ವಿದ್ಯುನ್ಮಾನ ಭಾಗಗಳು ಹೆಚ್ಚು, ಬೆಸುಗೆಯ ಕರೆಂಟು ಅವಕ್ಕೆ ಆಗಿಬರುವುದಿಲ್ಲ. ಪೈಪಿಗೆ ಪೈಪು ಕೂಡುವ ಕಡೆ ಮೀನಿನ ಬಾಯಿಯ ಹಾಗೆ ಅರೆದು ಕೂರಿಸಿದರೆ ಬೆಸುಗೆ ಸುತ್ತಲೂ ಹಿಡಿಯುತ್ತದೆ. ಮೂಲೆಗಳಿಗೆ ಮುಕ್ಕೋನದ ಸಣ್ಣ ತಗಡು ಹಾಕಿಸಿದರೆ ಬಿರುಕು ತಡೆಯುತ್ತದೆ.

ಇಡೀ ಕೆಲಸದಲ್ಲಿ ಹೆಚ್ಚು ಬೆಲೆಯುಳ್ಳ ತುಂಡು ಎಂದರೆ ಅಡ್ಡಪಟ್ಟಿ. ನಂಬರ್ ಪ್ಲೇಟಿನ ಹಿಂದೆ ಹಾದು ಎಡ ಮತ್ತು ಬಲ ಚೌಕಟ್ಟುಗಳ ಹಿಂದಿನ ಕೆಳ ಮೂಲೆಗಳನ್ನು ಜೋಡಿಸುತ್ತದೆ. ಇದಿಲ್ಲದಿದ್ದರೆ ಎರಡೂ ಬದಿ ಬೇರೆಬೇರೆ ತೂಗಿ ಒಳಕ್ಕೆ ಚಕ್ರದ ಕಡೆ ಬಾಗುತ್ತವೆ. ಇದ್ದರೆ ಎರಡೂ ಸೇರಿ ಒಂದೇ ಪೆಟ್ಟಿಗೆಯಂತಾಗುತ್ತವೆ. ಅರ್ಧ ಮೀಟರ್ ಪೈಪು ಅಷ್ಟೆ, ಆದರೆ ಕೊಂಡುತಂದ ಅಗ್ಗದ ಚೌಕಟ್ಟುಗಳಲ್ಲಿ ಹಲವಕ್ಕೆ ಇದೇ ಇರುವುದಿಲ್ಲ.

ಬೋಲ್ಟುಗಳು ತಲೆಯ ಮೇಲೆ 8.8 ಎಂದು ಬರೆದವು, ನಟ್ಟುಗಳು ಒಳಗೆ ನೈಲಾನ್ ಬಳೆ ಇರುವವು. ಒಂಟಿ ಸಿಲಿಂಡರಿನ ಗಾಡಿ ದಿನವಿಡೀ ನಡುಗುತ್ತದೆ, ಸಾದಾ ನಟ್ಟು ಕೃಷ್ಣಗಿರಿ ತಲುಪುವಷ್ಟರಲ್ಲಿ ಸಡಿಲವಾಗಿರುತ್ತದೆ.

ಕಡಲ ಗಾಳಿ

ಇಷ್ಟೆಲ್ಲ ಮಾಡಿದ ಮೇಲೆ ತ್ರಿಪ್ಲಿಕೇನಿನಲ್ಲಿ ಇನ್ನೊಂದು ಶತ್ರು ಇದೆ. ಮರೀನಾದ ಕಡೆಯಿಂದ ಸಂಜೆ ಬೀಸುವ ಗಾಳಿ ಹಾಯಾಗಿರುತ್ತದೆ, ಅದರಲ್ಲಿ ಉಪ್ಪಿರುತ್ತದೆ. ಬಣ್ಣವಿಲ್ಲದ ಕಬ್ಬಿಣವನ್ನು ಮ್ಯಾನ್ಶನ್ನಿನ ಕೆಳಗೆ ಎರಡು ರಾತ್ರಿ ನಿಲ್ಲಿಸಿ ನೋಡಿ, ಕೆಂಪು ಕಾಣುತ್ತದೆ. ಬೆಸುಗೆಯ ಕಿಟ್ಟ ಉಜ್ಜಿ ತೆಗೆದು, ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟು, ಮೇಲೆ ಎನಾಮೆಲ್ ಎರಡು ಕೋಟು ಬಳಿದೆ. ಪೌಡರ್ ಕೋಟಿಂಗ್ ಅಂದವಾಗಿರುತ್ತದೆ. ಆದರೆ ಅದರ ದಪ್ಪ ಪದರ ಕೆಳಗಿನ ಬಿರುಕನ್ನು ಮುಚ್ಚಿಡುತ್ತದೆ. ತೆಳು ಬಣ್ಣದಲ್ಲಿ ಬಿರುಕು ಬಿಟ್ಟರೆ ತುಕ್ಕಿನ ಗೆರೆ ಹೊರಗೆ ಕಂಡು ಎಚ್ಚರಿಸುತ್ತದೆ. ಪೈಪಿನ ಬಾಯಿಗಳನ್ನು ಮುಚ್ಚಿಸಿ, ಎಲ್ಲಕ್ಕಿಂತ ಕೆಳಗಿನ ತಿರುವಿನಲ್ಲಿ ಒಂದು ಸಣ್ಣ ತೂತು ಬಿಡಿಸಿದೆ. ಒಳಗೆ ಸೇರಿದ ನೀರು ಅಲ್ಲೇ ಕೂತು ಒಳಗಿನಿಂದ ತಿನ್ನುವುದು ಹೊರಗಿನ ತುಕ್ಕಿಗಿಂತ ಕೆಟ್ಟದ್ದು.

ಚೀಲ, ಕೊಳವೆ, ಡಬ್ಬಿ

ಗಟ್ಟಿ ಪೆಟ್ಟಿಗೆಯೋ ಮೆತ್ತಗಿನ ಚೀಲವೋ ಎಂಬ ವಾದ ಬೈಕಿನವರಲ್ಲಿ ಮುಗಿಯುವುದಿಲ್ಲ. ಡಾಂಬರಿಗೆ ಪೆಟ್ಟಿಗೆ ಸರಿ: ಬೀಗ ಹಾಕಬಹುದು, ನೀರು ಸೇರುವುದಿಲ್ಲ. ಕೆಸರಿನ ಏರಿನಲ್ಲಿ ಗಾಡಿ ಜಾರಿದಾಗ ನಾವು ಕಾಲು ಕೆಳಗಿಡುತ್ತೇವೆ. ಗಾಡಿ ಮುಂದೆ ಹೋಗುತ್ತದೆ, ಹಿಂದಿನಿಂದ ಪೆಟ್ಟಿಗೆಯ ಅಂಚು ಬಂದು ಮೀನಖಂಡಕ್ಕೆ ಬಡಿಯುತ್ತದೆ. ಕಾಲು ಮುರಿದುಕೊಂಡವರಿದ್ದಾರೆ. ಕೊನೆಯ ಆ ಕೆಲವು ಕಿಲೋಮೀಟರಿಗಾಗಿ ನಾನು ಚೀಲವನ್ನೇ ಆರಿಸಿದೆ. ಲಾರಿಗೆ ಹೊದಿಸುವ ದಪ್ಪ ಟಾರ್ಪಾಲು ತಂದು, ಸೀಟ್ ಕವರ್ ಮತ್ತು ಆಟೋದ ಹುಡ್ಡು ಹೊಲಿಯುವವರ ಹತ್ತಿರ ಕೊಟ್ಟರೆ ಬೇಕಾದ ಅಳತೆಗೆ ಹೊಲಿದುಕೊಡುತ್ತಾರೆ. ಅವರ ಯಂತ್ರಕ್ಕೆ ಮೂರು ಪದರ ಟಾರ್ಪಾಲು ಲೆಕ್ಕಕ್ಕಿಲ್ಲ. ಬಾಯಿ ಮೂರು ಸಲ ಸುರುಳಿ ಸುತ್ತಿ ಕಟ್ಟುವಂಥದ್ದು. ತಳಕ್ಕೆ ಗಟ್ಟಿ ಪ್ಲಾಸ್ಟಿಕ್ ಹಲಗೆ, ಅದು ಚೌಕಟ್ಟಿನ ಮೆಟ್ಟಿಲ ಮೇಲೆ ಕೂರುತ್ತದೆ. ಒಳಗೆ ಬೇರೆಯೇ ಒಂದು ಪ್ಲಾಸ್ಟಿಕ್ ಚೀಲ, ಏಕೆಂದರೆ ಹೊಲಿಗೆಯ ತೂತಿನಿಂದ ಮಲೆನಾಡಿನ ಮಳೆ ಬಂದೇ ಬರುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಸುರಿಯುವ ಮಳೆಯದು.

ಕಟ್ಟಲು ರಬ್ಬರ್ ಹಗ್ಗ ಬೇಡ. ಚೆನ್ನೈ ಬಿಸಿಲಿಗೆ ಅದು ಒಂದೇ ಬೇಸಿಗೆಯಲ್ಲಿ ಸೀಳುತ್ತದೆ, ಕೊಕ್ಕೆ ಎಗರಿದರೆ ಕಣ್ಣಿಗೆ ಅಪಾಯ. ಬಕಲ್ ಇರುವ ನೈಲಾನ್ ಪಟ್ಟಿ, ಜೊತೆಗೆ ಮೀನುಗಾರರು ಬಳಸುವ ನೈಲಾನ್ ಹಗ್ಗದ ಎರಡು ಮಾರು. ಉಪ್ಪುನೀರನ್ನೂ ಬಿಸಿಲನ್ನೂ ತಡೆಯುವ ಹಗ್ಗ ಯಾವುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಸ್ಪ್ಯಾನರು, ಪಂಚರ್ ಸಾಮಾನು ಇಡಲು ನಾಲ್ಕು ಇಂಚಿನ ಪಿ.ವಿ.ಸಿ. ಪೈಪಿನ ಒಂದಡಿ ತುಂಡು ಸಾಕು. ಒಂದು ಬಾಯಿಗೆ ಕ್ಯಾಪ್ ಅಂಟಿಸಿ, ಇನ್ನೊಂದಕ್ಕೆ ತಿರುಪಿನ ಮುಚ್ಚಳ ಹಾಕಿ, ಎರಡು ಕ್ಲಾಂಪಿನಲ್ಲಿ ಚೌಕಟ್ಟಿನ ಒಳಬದಿಗೆ ಬಿಗಿದರೆ ಮುಗಿಯಿತು. ಸೈಲೆನ್ಸರಿನಿಂದ ದೂರ, ಎಡಬದಿಯಲ್ಲಿ ಇರಬೇಕು. ಪಿ.ವಿ.ಸಿ. 80 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಒಳಗೆ ಸ್ಪ್ಯಾನರುಗಳನ್ನು ಹಳೆ ಬನಿಯನ್ನಿನಲ್ಲಿ ಸುತ್ತದಿದ್ದರೆ ದಾರಿಯುದ್ದಕ್ಕೂ ಜಾಗಟೆ.

ಎಡಬಲದ ತೂಕದಲ್ಲಿ ಒಂದು ಸೂಕ್ಷ್ಮವಿದೆ. ಹಿಮಾಲಯನ್ನಿನ ಸೈಲೆನ್ಸರ್ ಬಲಕ್ಕೆ ಮೇಲೆದ್ದಿರುತ್ತದೆ, ಹಾಗಾಗಿ ಬಲಗಡೆಯ ಚೀಲ ಹೊರಕ್ಕೆ ನಿಲ್ಲಬೇಕು. ಹೊರಗಿದ್ದಷ್ಟೂ ಸೆಳೆತ ಜಾಸ್ತಿ. ಎಡಗಡೆ ನಡುವಿನಿಂದ 28 ಸೆಂ.ಮೀ. ದೂರದಲ್ಲಿ 10 ಕಿಲೋ ಇದ್ದರೆ, ಬಲಗಡೆ 35 ಸೆಂ.ಮೀ. ದೂರದಲ್ಲಿ ಅದಕ್ಕೆ ಸಮನಾಗುವುದು 8 ಕಿಲೋ. ತಕ್ಕಡಿಯ ತತ್ವವೇ. ಅಕ್ಕಿ ಎಡಕ್ಕೆ, ಹಪ್ಪಳ ಬಲಕ್ಕೆ. ಹಿಂದೆಯೇ ಎಲ್ಲ ಹೇರಿದರೆ ಕೆಮ್ಮಣ್ಣಿನ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಅದಕ್ಕೇ ಕುಡಿಯುವ ನೀರು, ತೆಂಗಿನಕಾಯಿ ಟ್ಯಾಂಕಿನ ಬದಿಯ ಚೌಕಟ್ಟಿನ ಚೀಲಗಳಲ್ಲಿ.

ಡಬ್ಬಿಗಳದು ಬೇರೆಯೇ ಶಾಸ್ತ್ರ. ಪಿಂಗಾಣಿ ಭರಣಿ ಮನೆಯಲ್ಲಿರಲಿ. ಅಪ್ಪೆಮಿಡಿಗೆ ರಬ್ಬರ್ ವಾಷರ್ ಇರುವ ಸ್ಟೀಲ್ ಡಬ್ಬಿ, ಅದು ಪ್ಲಾಸ್ಟಿಕ್ಕಿನೊಳಗೆ, ಅದು ಹಳೆ ಪಂಚೆಯೊಳಗೆ. ಜೋನಿಬೆಲ್ಲದ ಬಾಟಲಿಯನ್ನು ಕಂಠದವರೆಗೆ ತುಂಬಬಾರದು, ಬಿಸಿಲಿಗೆ ಉಬ್ಬಿ ಉಕ್ಕುತ್ತದೆ. ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ನೆಟ್ಟಗೆ ನಿಲ್ಲಿಸಬೇಕು. ಹಪ್ಪಳ ಅಡ್ಡ ಮಲಗಿಸಿದರೆ ಪುಡಿ, ಪುಸ್ತಕದ ಹಾಗೆ ಲಂಬವಾಗಿ ನಿಲ್ಲಿಸಿ ಪಕ್ಕಕ್ಕೆ ಬಟ್ಟೆ ತುರುಕಿದರೆ ಉಳಿಯುತ್ತದೆ. ಖಾಲಿ ಜಾಗಕ್ಕೆಲ್ಲ ಅಕ್ಕಿಯ ಸಣ್ಣ ಚೀಲಗಳು. ಅಕ್ಕಿಯಷ್ಟು ಒಳ್ಳೆಯ ಮೆತ್ತೆ ಇನ್ನೊಂದಿಲ್ಲ.

ಜಾಂ ಬಜಾರಿನಿಂದ ಉಣುಗೋಲಿನವರೆಗೆ

ಕಟ್ಟಿದ ಮೇಲೆ ಪರೀಕ್ಷೆ. ಜಾಂ ಬಜಾರಿನಲ್ಲಿ ಒಂಬತ್ತು ಒಂಬತ್ತು ಕಿಲೋ ಅಕ್ಕಿ ತೂಗಿಸಿ ಎರಡೂ ಚೀಲಕ್ಕೆ ತುಂಬಿ ಒಂದು ವಾರ ಹಾಗೇ ಓಡಾಡಿದೆ. ಪೈಕ್ರಾಫ್ಟ್ಸ್ ರಸ್ತೆಯ ಸಂಜೆಯ ಜನಸಂದಣಿ, ದೇವಸ್ಥಾನದ ಸುತ್ತಿನ ಇಕ್ಕಟ್ಟು ಬೀದಿಗಳು, ಕೇಬಲ್ಲಿಗೆ ಅಗೆದು ಮುಚ್ಚಿದ ಗುಂಡಿಗಳು. ಚೀಲದ ಅಗಲ ಹ್ಯಾಂಡಲಿನ ಅಗಲ ಮೀರಬಾರದು ಎಂಬ ನಿಯಮದ ಬೆಲೆ ಇಲ್ಲಿ ತಿಳಿಯುತ್ತದೆ. ಹ್ಯಾಂಡಲ್ ಹೋದ ಕಡೆ ಚೀಲವೂ ಹೋದರೆ ತಲೆಬಿಸಿ ಇಲ್ಲ. ತ್ರಿಪ್ಲಿಕೇನಿನ ಗಲ್ಲಿಯಲ್ಲಿ ನುಸುಳಿದ ಗಾಡಿ ನಮ್ಮ ಮನೆಯ ಉಣುಗೋಲಿನಲ್ಲೂ ನುಸುಳುತ್ತದೆ. ವಾರದ ನಂತರ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿ ಮಾಡಿ, ಬೋಲ್ಟಿನಿಂದ ಚೌಕಟ್ಟಿಗೆ ಹಾಯುವ ಹಾಗೆ ಬಿಳಿ ಬಣ್ಣದ ಗೆರೆ ಎಳೆದಿಟ್ಟೆ. ಗೆರೆ ತಪ್ಪಿದ್ದರೆ ಬೋಲ್ಟು ತಿರುಗಿದೆ ಎಂದರ್ಥ. ದಾರಿಯಲ್ಲಿ ಚಹಾಕ್ಕೆ ನಿಂತಾಗಲೆಲ್ಲ ಒಂದು ಸುತ್ತು ಬಂದು ನೋಡಿದರೆ ಸಾಕು, ಸ್ಪ್ಯಾನರ್ ತೆಗೆಯಬೇಕಿಲ್ಲ.

ಆಮೇಲೆ ಆರು ಸಲ ಊರಿಗೆ ಹೋಗಿ ಬಂದಿದ್ದೇನೆ. ಚೌಕಟ್ಟು ಗಟ್ಟಿಯಾಗಿದೆ. ಕಷ್ಟ ಬಂದದ್ದು ಬೇರೆ ಕಡೆ. ಬದಿಗೆ ಒಂಬತ್ತು ಕಿಲೋ ಎಂಬ ಮಿತಿಯನ್ನು ಭಾಯ್ ಒಪ್ಪಿದರು, ಪೈಪು ಒಪ್ಪಿತು, ಅಮ್ಮ ಒಪ್ಪಲಿಲ್ಲ.

ಹೊರಡುವ ಹಿಂದಿನ ರಾತ್ರಿ ಜಗಲಿಯ ಮೇಲೆ ಎಲ್ಲ ಹರಡಿಕೊಳ್ಳುತ್ತದೆ. ನಾನು ಸ್ಪ್ರಿಂಗ್ ತಕ್ಕಡಿಗೆ ಚೀಲ ನೇತುಹಾಕಿ ಮುಳ್ಳು ನೋಡುತ್ತೇನೆ. ಅಮ್ಮ ಮುಳ್ಳು ನೋಡುವುದಿಲ್ಲ. "ಒಂದು ಬಾಟ್ಲಿ ಹೆಚ್ಚಾದ್ರೆ ಗಾಡಿ ಮುರ್ದು ಹೋಗ್ತದಾ ಮಾರಾಯ? ಅಷ್ಟು ದೊಡ್ಡ ಕಬ್ಬಿಣ ಕಟ್ಸ್ಕೊಂಡು ಬಂದಿದೀಯಲ್ಲ!" ಅಪ್ಪ ಮಾತ್ರೆಯ ಡಬ್ಬಿ ಎಣಿಸುತ್ತ ನಡುವೆ ಬಾಯಿ ಹಾಕುವುದಿಲ್ಲ. ಉಪ್ಪಿನಕಾಯಿ ಹಾಕಲು ಈಗ ಅಮ್ಮನಿಗೆ ಮೊದಲಿನ ಹಾಗೆ ಕೂತು ಏಳಲು ಆಗುವುದಿಲ್ಲ. ಮಿಡಿ ಆರಿಸಿ ತರುವವರೂ ಕಡಿಮೆಯಾಗಿದ್ದಾರೆ. ಹೋದ ವರ್ಷ ಮೂರು ಡಬ್ಬಿ ಇತ್ತು, ಈ ವರ್ಷ ಎರಡು. ಬೇಡ ಎಂದು ಒಂದನ್ನು ಜಗಲಿಯ ಮೇಲೆ ಬಿಟ್ಟು ಬರುವುದು ಹೇಗೆ? ಹಾಗೆಂದು ಕೆಮ್ಮಣ್ಣಿನ ಇಳಿಜಾರಿನಲ್ಲಿ ಹನ್ನೆರಡು ಕಿಲೋ ತೂಗಿಸಿಕೊಂಡು ಇಳಿಯುವುದು ಹೇಗೆ?

ಊರು ಬಿಟ್ಟವರ ಬೈಕಿಗೆ ಚೌಕಟ್ಟು ಕಟ್ಟುವಾಗ ಈ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಾವ ಕಂಪನಿಯ ಪುಸ್ತಕದಲ್ಲೂ ಇದು ಬರೆದಿರುವುದಿಲ್ಲ. ಕಳೆದ ಎರಡು ಸಲದಿಂದ ನಾನು ಮನೆಯಲ್ಲಿ ಹೇಳುವ ಮಿತಿ ಏಳು ಕಿಲೋ. ಏಳರ ಮೇಲೆ ಅಮ್ಮ ವಾದ ಮಾಡಿ ಒಂದು ಬಾಟಲಿ, ಆಮೇಲೆ ನಾನು ಗಾಡಿ ಶುರು ಮಾಡುವ ಹೊತ್ತಿಗೆ ಬಾಳೆಎಲೆಯಲ್ಲಿ ಸುತ್ತಿದ ಇನ್ನೊಂದು ಏನೋ ತಂದು ತುರುಕುತ್ತಾರೆ. ಸರಿಯಾಗಿ ಒಂಬತ್ತಾಗುತ್ತದೆ. ನೀವೂ ಕಟ್ಟಿಸುವುದಾದರೆ ಇಪ್ಪತ್ತಕ್ಕೆ ಕಟ್ಟಿಸಿ, ಒಂಬತ್ತು ಹೇರಿ, ಮನೆಯಲ್ಲಿ ಏಳು ಎಂದು ಹೇಳಿ.